ದೇಹದೊಳಗಣ ಕಿರುವಿದ್ಯುತ್ತು

ನಮ್ಮ ದೇಹವು ಅನುಗಾಲವೂ ವಿದ್ಯುತ್ತನ್ನು ಹುಟ್ಟಿಸುತ್ತಿದೆಯೆಂದರೆ ಹಲವರಿಗೆ ಅಚ್ಚರಿಯಾದೀತು. ಹೃದಯವು ಮಿಡಿವಾಗ, ಸ್ನಾಯುವು ಬಿಗಿವಾಗ, ಮೆದುಳು ನಿದ್ರೆಯಲ್ಲಿರುವಾಗಲೂ ಜೀವಕೋಶಗಳಲ್ಲಿ ಉಂಟಾಗುವ ವಿದ್ಯುತ್ತಿನ ಒಂದು ಲವಲೇಶವು ಚರ್ಮದವರೆಗೆ ಬಂದು ಮುಟ್ಟುತ್ತದೆ. ಅದನ್ನು ಅಳೆಯುವ ವಿದ್ಯೆಯು ಇಂದು ವಿದ್ಯಾರ್ಥಿಯ ಮೇಜಿನ ಮೇಲೆ ಬಂದು ಕುಳಿತಿದೆ.

ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವನ್ನರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೃದಯದ ವಿದ್ಯುತ್ತನ್ನು ಸ್ಪಷ್ಟವಾದ ರೇಖೆಯಾಗಿ ಮೂಡಿಸಿದರು. ಅವರ ಯಂತ್ರದ ತೂಕವು ಸುಮಾರು 270 ಕಿಲೋಗ್ರಾಂ. ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕಾಗಿತ್ತು. 1924ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವು ಸಂದಿತು. ಅದೇ ವರ್ಷ ಜರ್ಮನಿಯ ಯೇನಾದಲ್ಲಿ ಹಾನ್ಸ್ ಬೆರ್ಗರ್ ಎಂಬ ವೈದ್ಯರು ಮನುಷ್ಯನ ಮೆದುಳಿನ ಅಲೆಗಳನ್ನು ಮೊದಲು ದಾಖಲಿಸಿದರು. ಐದು ವರ್ಷ ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದರು.

2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗೆಂದು ರೂಪುಗೊಂಡ ಆರ್ಡುಯಿನೋ ಎಂಬ ಅಗ್ಗದ ಫಲಕವು ಈ ಕೆಲಸವನ್ನು ಸಾಮಾನ್ಯರಿಗೂ ಎಟುಕಿಸಿತು. ಆದರೆ ಫಲಕವೊಂದೇ ಸಾಲದು. ಅದರ ಊನೋ ಮಾದರಿಯು 5 ವೋಲ್ಟನ್ನು 1024 ಪಾಲು ಮಾಡಿ ಅಳೆಯುತ್ತದೆ. ಒಂದು ಪಾಲೆಂದರೆ ಸುಮಾರು 5 ಮಿಲಿವೋಲ್ಟ್. ಹೃದಯದ ಸಂಕೇತವು ಹೆಚ್ಚುಕಡಿಮೆ 1 ಮಿಲಿವೋಲ್ಟ್. ಮೆದುಳಿನದು ಅದರ ಹತ್ತರಲ್ಲೊಂದು ಪಾಲನ್ನೂ ಮುಟ್ಟುವುದು ಅಪರೂಪ. ಸೇರಿನ ಅಳತೆಯಲ್ಲಿ ಸಾಸಿವೆಯ ಕಾಳನ್ನು ಅಳೆದಂತಾಯಿತು! ಆದುದರಿಂದ ಸಂಕೇತವನ್ನು ಮೊದಲು ನೂರಾರು, ಸಾವಿರಾರು ಪಟ್ಟು ಹಿಗ್ಗಿಸುವ ವರ್ಧಕವು ಅಗತ್ಯ. ಹೃದಯಕ್ಕಾಗಿ ಎಡಿ8232 ಎಂಬ ಬಿಲ್ಲೆಯು ದೊರೆಯುತ್ತದೆ.

ಕಣ್ಣು ಮುಚ್ಚಿ ವಿಶ್ರಮಿಸಿದಾಗ ತಲೆಯ ಹಿಂಬದಿಯಲ್ಲಿ ಸೆಕೆಂಡಿಗೆ 8ರಿಂದ 13ರವರೆಗಿನ ಅಲೆಗಳು ಏಳುತ್ತವೆ. ಕಣ್ಣು ತೆರೆದೊಡನೆ ತಗ್ಗುತ್ತವೆ. ಬೆರ್ಗರರು ಕಂಡುದನ್ನೇ ಇಂದಿನ ಬಾಲಕನೂ ಕಾಣಬಲ್ಲನು. ಆದರೆ ರೆಪ್ಪೆ ಬಡಿದರೂ, ಹಲ್ಲು ಕಚ್ಚಿದರೂ ರೇಖೆಯು ಜಿಗಿಯುತ್ತದೆ. ಗೋಡೆಯ ತಂತಿಯ 50 ಆವರ್ತದ ಕಂಪನವೂ ಬಂದು ಬೆರೆಯುತ್ತದೆ. ಯಾವುದು ಮೆದುಳಿನದು, ಯಾವುದು ಹೊರಗಿನದು ಎಂದು ಬೇರ್ಪಡಿಸುವುದೇ ಇಲ್ಲಿ ನಿಜವಾದ ಕಲಿಕೆ.

ತಂದೆತಾಯಿಯರು ಎರಡು ಮಾತುಗಳನ್ನು ಮರೆಯಬಾರದು. ಮೈಗೆ ತಂತಿ ಅಂಟಿಸಿದಾಗ ಉಪಕರಣವು ಬ್ಯಾಟರಿಯಿಂದಲೇ ನಡೆಯಬೇಕು. ಅದಕ್ಕೆ ಜೋಡಿಸಿದ ಕಂಪ್ಯೂಟರಿನ ಚಾರ್ಜರನ್ನೂ ಗೋಡೆಯಿಂದ ಕಳಚಿರಬೇಕು. ಇದರಲ್ಲಿ ಉದಾಸೀನವು ಪ್ರಾಣಾಪಾಯಕ್ಕೆ ದಾರಿ. ಎರಡನೆಯದಾಗಿ, ಮನೆಯಲ್ಲಿ ಮೂಡಿದ ರೇಖೆಯನ್ನು ನೋಡಿ ಅಜ್ಜನ ಎದೆನೋವಿಗೆ ಅಭಯ ನೀಡಲಾಗದು. ನೋವೆಂದರೆ ಆಸ್ಪತ್ರೆಗೇ ಹೋಗಬೇಕು.

ಬೆರ್ಗರರು ಎಳೆಯ ವಯಸ್ಸಿನಲ್ಲಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾವಿನ ದವಡೆಯಿಂದ ಪಾರಾಗಿದ್ದರು. ದೂರದಲ್ಲಿದ್ದ ಅಕ್ಕನ ಮನಸ್ಸು ಅಂದೇ ಕಳವಳಗೊಂಡು, ಕ್ಷೇಮ ಕೇಳಿ ತಂದೆಯಿಂದ ತಂತಿ ಬಂದಿತು. ಮನಸ್ಸು ಮನಸ್ಸನ್ನು ಮುಟ್ಟಿದ ಬಗೆಯೇನೆಂದು ಹುಡುಕುತ್ತ ಅವರು ಮೆದುಳಿನ ಅಲೆಗಳನ್ನು ಕಂಡರು. ಹುಡುಕಿದ ಉತ್ತರವನ್ನು ಮಾತ್ರ ಕಾಣಲಿಲ್ಲ. ಎಚ್ಚರವೇ ನಿದ್ರೆಯೇ ಎಂಬುದನ್ನು ರೇಖೆಯು ಹೇಳೀತು. ಅಕ್ಕನ ಆ ಕಳವಳವನ್ನು ಅದು ಬರೆಯಲಾರದು. ಮಕ್ಕಳ ಕೈಗೆ ಉಪಕರಣವನ್ನು ಕೊಡುವಾಗ ಈ ಎರಡನ್ನೂ ಒಟ್ಟಿಗೆ ಹೇಳಿಕೊಡೋಣ.