ಎದ್ದು ಬರೋಕೂ ಮೊದಲು ಹೋಗಿ ಕೂರ್ಬೇಕು

ಚಾಂಪಿಯನ್ಸ್ ಲೀಗ್ ಮ್ಯಾಚ್ ರಾತ್ರಿ ಒಂದೂವರೆಗೆ ಶುರುವಾದ್ರೂ ಹಾಸ್ಟೆಲ್‌ನಲ್ಲಿ ನಾವು ಎದ್ದಿರ್ತೀವಿ, ಬೆಳಗ್ಗೆ ಇಂಟರ್ನಲ್ಸ್ ಇದ್ರೂ ಸರಿ. ಅದೇ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್‌ಗೆ ಕರೆದ್ರೆ, 'ಟಿಕೆಟ್ ದುಬಾರಿ ಮಗಾ' ಅಂತೀವಿ. ರೇಟ್ ಎಷ್ಟು ಅಂತ ನೋಡಿರೋದೇ ಇಲ್ಲ!

ಬೆಲೆ ಬಗ್ಗೆ ಗೊಣಗೋದು ತಪ್ಪಲ್ಲ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಕ್ಲಬ್ ಮುಂದಿನ ಸೀಸನ್‌ಗೆ 77 ಪೌಂಡಿನ ಟಿಕೆಟ್ ಘೋಷಿಸಿತು. ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಅಭಿಮಾನಿಗಳು ಆನ್‌ಫೀಲ್ಡ್‌ನಿಂದ ಎದ್ದು ಹೊರನಡೆದರು. ನಾಲ್ಕೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಆ ಬೆಲೆಯನ್ನು ಕೈಬಿಟ್ಟರು. ಅವರ ಸಿಟ್ಟಿಗೆ ತೂಕ ಬಂದದ್ದು ಅವರು ಅಲ್ಲಿ ಕೂತಿದ್ದರಿಂದ. ನಾವು ಹೋಗೋದೇ ಇಲ್ಲ. ಖಾಲಿ ಸೀಟು ನೋಡಿದವರಿಗೆ ಬೆಲೆ ಜಾಸ್ತಿಯಾಯ್ತೋ, ನಮಗೆ ಆಸಕ್ತಿಯೇ ಇಲ್ವೋ, ಹೇಗೆ ಗೊತ್ತಾಗ್ಬೇಕು?

2018ರ ಜೂನ್‌ನಲ್ಲಿ ಮುಂಬೈನಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ನಡೆಯಿತು. ಚೈನೀಸ್ ತೈಪೆಯನ್ನು ಭಾರತ 5–0ರಿಂದ ಸೋಲಿಸಿದಾಗ ಗ್ಯಾಲರಿಯಲ್ಲಿದ್ದವರು 2,569 ಮಂದಿ. ಹ್ಯಾಟ್ರಿಕ್ ಹೊಡೆದ ನಮ್ಮ ಸುನಿಲ್ ಛೆಟ್ರಿ, ಬೈಯೋಕಾದ್ರೂ ಸರಿ, ಮೈದಾನಕ್ಕೆ ಬನ್ನಿ ಎಂದು ವಿಡಿಯೊದಲ್ಲಿ ಬೇಡಿಕೊಂಡರು. ಮುಂದಿನ ಕೀನ್ಯಾ ಪಂದ್ಯದ ಟಿಕೆಟ್ ಸೋಲ್ಡ್ ಔಟ್. ಅಂದ್ರೆ ಜನ ಇದ್ದರು, ಮನೇಲಿದ್ದರು ಅಷ್ಟೇ.

ನಮಗೆ ಕ್ಯಾಪ್ಟನ್ ಕೈಮುಗಿಯೋವರೆಗೂ ಕಾಯೋದು ಬೇಡ. ಮುಂದಿನ ಮ್ಯಾಚ್‌ಗೆ ಹತ್ತು ಜನ ಹೋಗೋಣ. ಸ್ಟೂಡೆಂಟ್ ರೇಟ್ ಕೊಡಿ ಅಂತ ಗ್ಯಾಲರಿಯಲ್ಲಿ ನಿಂತೇ ಕೇಳೋಣ. ಬಸ್ ಪಾಸ್ ಹೇಗೂ ಇದೆ.