ನಡುದಾರಿಯಲ್ಲಿ ನಿಂತ ಅಂಗಡಿ

ಬೀಳಗಿಯ ಸೀಮೆಯವರಿಗೆ ಸ್ಥಳಾಂತರವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗಾಗಿ ಎಷ್ಟೋ ಹಳ್ಳಿಗಳು ಗಂಟುಮೂಟೆ ಕಟ್ಟಿ ಪುನರ್ವಸತಿ ಕೇಂದ್ರಗಳಿಗೆ ಹೋದವು. ಮನೆಯ ಸಾಮಾನು ಸಾಗಿಸುವುದು ಒಂದು ಕೆಲಸ. ಟಪಾಲಿನವನಿಗೆ ಹೊಸ ವಿಳಾಸ ತಿಳಿಸುವುದು ಬೇರೆಯೇ ಕೆಲಸ. ಜಾಲತಾಣವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಒಯ್ಯುವಾಗಲೂ ಇವೆರಡನ್ನು ಒಂದೇ ಎಂದು ತಿಳಿದವರು ಪೇಚಿಗೆ ಸಿಕ್ಕುತ್ತಾರೆ.

ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರು ಈಚೆಗೆ ಹೀಗೆಯೇ ಸಿಕ್ಕಿದ್ದರು. ರಬಕವಿಯ ಕೆಲವು ಮಗ್ಗಗಳ ಸೀರೆಗಳೆಲ್ಲ ಅವರ ಜಾಲತಾಣದ ಮೂಲಕವೇ ಮಾರಾಟವಾಗಬೇಕು. ಬೇಡಿಕೆ ಬಂದರೆ ನೇಕಾರರಿಗೆ ಮಜೂರಿ. ಹಳೆಯ ಸರ್ವರಿನ ಕರಾರು ಮುಗಿಯಲು ಐದೇ ದಿನ. "ಮೂರು ದಿನ ಆತ್ರಿ, ಚಕ್ರ ತಿರಗಾಕ ಹತ್ತೈತಿ, ಮುಂದ ಮಾತ್ರ ಹೋಗವಲ್ದು" ಎಂದರು. ನಿಂತಾಗಲೆಲ್ಲ ಅದೇ ಗುಂಡಿಯನ್ನು ಮತ್ತೆ ಒತ್ತಿದ್ದರಂತೆ. ಕೆಸರಿನಲ್ಲಿ ಹೂತ ಬಂಡಿಯ ಎತ್ತಿಗೆ ಬಾರುಕೋಲು ಬೀಸಿದಂತೆ ಅದು. ಮೊದಲು ಇಳಿದು ಗಾಲಿಯನ್ನು ನೋಡತಕ್ಕದ್ದು. ಸರ್ವರಿನಲ್ಲಿ ತಪ್ಪುಗಳ ದಿನಚರಿಯೊಂದು ತಾನಾಗಿಯೇ ಬರೆದುಕೊಳ್ಳುತ್ತ ಹೋಗುತ್ತದೆ. ಅದನ್ನು ಓದುವವರು ಮಾತ್ರ ವಿರಳ.

ಜಾಲತಾಣವು ಒಂದೇ ಗಂಟಲ್ಲ. ಚಿತ್ರಗಳು, ಪುಟಗಳ ವಿನ್ಯಾಸ, ಅವನ್ನು ನಡೆಸುವ ಕ್ರಮವಿಧಿ, ಇವೆಲ್ಲ ಕಡತಗಳು. ಸೀರೆಯ ಬೆಲೆ, ಗಿರಾಕಿಯ ವಿಳಾಸ, ಬಂದ ಬೇಡಿಕೆಗಳು ಡೇಟಾಬೇಸಿನಲ್ಲಿರುತ್ತವೆ. ಡೇಟಾಬೇಸಿನ ಹೆಸರನ್ನೂ ಗುಪ್ತಪದವನ್ನೂ ಹೊತ್ತ ಪುಟ್ಟ ಕಡತವೊಂದು ಎರಡನ್ನೂ ಕೂಡಿಸುತ್ತದೆ. ಇಳಕಲ್ಲಿನ ನೇಕಾರರು ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುತ್ತಾರಲ್ಲವೆ? ಇದೂ ಅಂತಹುದೇ. ಕೊಂಡಿ ಕಳಚಿದರೆ ಒಡಲು, ಸೆರಗು ಎರಡೂ ಚೆನ್ನಾಗಿದ್ದರೂ ಸೀರೆಯಾಗದು.

ದಿನಚರಿಯನ್ನು ತೆರೆದಾಗ ಮೊದಲು ಕಂಡದ್ದು ಜಾಗದ ಕೊರತೆ. ವಾರಕ್ಕೊಮ್ಮೆ ತೆಗೆದಿಟ್ಟ ಮೀಸಲು ಪ್ರತಿಗಳು ಅದೇ ಕೋಶದಲ್ಲಿ ಬಿದ್ದಿದ್ದವು. ಪ್ರತಿಯೊಂದು ಹೊಸ ಪ್ರತಿಯೂ ಹಿಂದಿನವನ್ನೆಲ್ಲ ನುಂಗಿ ಉಬ್ಬಿತ್ತು. ಇತ್ತೀಚಿನದೊಂದನ್ನು ಮನೆಯ ಕಂಪ್ಯೂಟರಿನಲ್ಲಿ ಭದ್ರಪಡಿಸಿ ಉಳಿದವನ್ನು ಅಳಿಸಿದ್ದಾಯಿತು. ಆದರೂ ಡೇಟಾಬೇಸು ಅರ್ಧಕ್ಕೇ ನಿಂತಿತು. ಬ್ರೌಸರಿನ ಮೂಲಕ ಏರಿಸುವಾಗ ಕಾಲಕ್ಕೂ ಗಾತ್ರಕ್ಕೂ ಕಟ್ಟುಪಾಡುಂಟು. ಪಿಎಚ್‌ಪಿಯ ಮೂಲ ನೇಮದಲ್ಲಿ ಒಂದು ಕೆಲಸಕ್ಕೆ 30 ಸೆಕೆಂಡು, ಏರಿಸುವ ಒಂದು ಕಡತಕ್ಕೆ 2 ಮೆಗಾಬೈಟು. ಆದ್ದರಿಂದ ಬ್ರೌಸರನ್ನು ಬದಿಗಿಟ್ಟು, ಸರ್ವರಿನಿಂದ ಸರ್ವರಿಗೆ ನೇರವಾಗಿ ಆಜ್ಞೆ ಕೊಟ್ಟು ಸಾಗಿಸುವುದೇ ಲೇಸು. ಆರ್‌ಸಿಂಕ್ ಎಂಬ ಸಾಧನವು ಮಧ್ಯದಲ್ಲಿ ನಿಂತರೂ ಮರಳಿ ಓಡಿಸಿದಾಗ, ಈಗಾಗಲೇ ಹೋದ ಕಡತಗಳನ್ನು ಬಿಟ್ಟು ಉಳಿದವನ್ನಷ್ಟೇ ಒಯ್ಯುತ್ತದೆ.

ಇಷ್ಟಾದ ಮೇಲೆ ಇನ್ನೊಂದು ತೊಡಕು. ಹಳೆಯ ಮನೆಯಲ್ಲಿದ್ದುದು ಮೈಎಸ್‌ಕ್ಯೂಎಲ್ 8.0, ಹೊಸ ಮನೆಯಲ್ಲಿ ಮಾರಿಯಾಡಿಬಿಯ ಹಳೆಯ ಆವೃತ್ತಿ. ಅಕ್ಷರಗಳನ್ನು ಹೋಲಿಸಿ ಸಾಲಾಗಿಡುವ ಕೊಲೇಶನ್ ಎಂಬ ನಿಯಮದಲ್ಲಿ ಮೊದಲನೆಯದರ ಹೆಸರು ಎರಡನೆಯದಕ್ಕೆ ಅಪರಿಚಿತ. ಅಪರಿಚಿತ ಹೆಸರು ಕಂಡೊಡನೆ ಅದು ಕೈಕಟ್ಟಿ ಕುಳಿತಿತು. ಪ್ರತಿಯಲ್ಲಿ ಆ ಹೆಸರಿದ್ದ ಕಡೆಯೆಲ್ಲ ಎರಡಕ್ಕೂ ತಿಳಿದ ಯೂನಿಕೋಡ್ ನಿಯಮದ ಹೆಸರನ್ನು ಬರೆದೊಡನೆ ಮೂರು ದಿನದ ಗಂಟು ಕೆಲವೇ ನಿಮಿಷಗಳಲ್ಲಿ ಬಿಚ್ಚಿತು.

ಕನ್ನಡಿಗರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಒತ್ತಕ್ಷರದ ವಿರಾಮಕ್ಕೂ ಗುಣಿತದ ಚಿಹ್ನೆಗೂ ಬೇರೆ ಬೇರೆಯಾಗಿಯೇ. 'ಜಮಖಂಡಿ' 18 ಬೈಟು, 'ಬನಹಟ್ಟಿ' 21. ಸಾಗಿಸುವಾಗ ಇದು ಲ್ಯಾಟಿನ್ ಲಿಪಿಯ ಪಠ್ಯವೆಂದು ಸರ್ವರು ತಪ್ಪಾಗಿ ಭಾವಿಸಿದರೆ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ಎಣಿಸಿ, ಜಮಖಂಡಿಯ ಗಿರಾಕಿಯ ವಿಳಾಸವನ್ನು ಪರದೇಶದ ಗೀಚಾಟವಾಗಿಸುತ್ತದೆ. ಪುಟ ತೆರೆಯಿತೆಂದು ಹಿಗ್ಗದೆ, ಹತ್ತಾರು ಕನ್ನಡ ವಿಳಾಸಗಳನ್ನು ಓದಿ ನೋಡಬೇಕು. ಸೀರೆ ಹೋಗುವುದು ಆ ವಿಳಾಸಕ್ಕಲ್ಲವೆ?

ಕಡೆಗೆ ಟಪಾಲಿನವನ ಸರದಿ. ಜಾಲತಾಣದ ಹೆಸರು ಯಾವ ಸರ್ವರಿಗೆ ಸೇರಿದೆಯೆಂದು ತಿಳಿಸುವ ಡಿಎನ್‌ಎಸ್ ವ್ಯವಸ್ಥೆ 1983ರಲ್ಲಿ ರೂಪುಗೊಂಡಿತು. ನಡುವಿನ ಕಂಪ್ಯೂಟರುಗಳು ಒಮ್ಮೆ ಕೇಳಿ ತಿಳಿದ ವಿಳಾಸವನ್ನು ಇಂತಿಷ್ಟು ಕಾಲ ನೆನಪಿಟ್ಟುಕೊಳ್ಳುತ್ತವೆ. ಆ ಅವಧಿ 86,400 ಸೆಕೆಂಡು, ಅಂದರೆ ಒಂದು ಹಗಲು ಒಂದು ರಾತ್ರಿ, ಇರುವುದು ಸಾಮಾನ್ಯ. ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿಟ್ಟರೆ, ವಿಳಾಸ ಬದಲಿಸಿದ ಐದಾರು ನಿಮಿಷಗಳಲ್ಲಿ ಬಹುಪಾಲು ಗಿರಾಕಿಗಳು ಹೊಸ ಬಾಗಿಲಿಗೇ ಬರುತ್ತಾರೆ. "48 ಗಂಟೆ ಕಾಯಿರಿ" ಎಂಬ ಸಿದ್ಧ ಉತ್ತರ ಅರ್ಧ ನಿಜ, ಅರ್ಧ ಸೋಮಾರಿತನ. ಅಂಚೆಯ ಎಮ್‌ಎಕ್ಸ್ ದಾಖಲೆಯನ್ನು ಹೊಸ ಪಟ್ಟಿಗೆ ಬರೆದುಕೊಳ್ಳದಿದ್ದರೆ ಅಂಗಡಿ ತೆರೆದಿದ್ದರೂ ಕಾಗದ ಬರುವುದು ನಿಂತುಹೋಗುತ್ತದೆ.

ಆದರೆ ಆ ನಡುವಿನ ಗಳಿಗೆ ಬಹಳ ಅಪಾಯದ್ದು. ಪ್ರತಿ ತೆಗೆದ ಮೇಲೆ ಹಳೆಯ ಅಂಗಡಿ ತೆರೆದೇ ಇದ್ದರೆ ಅಲ್ಲಿ ಬಿದ್ದ ಬೇಡಿಕೆಯನ್ನು ಹೊಸ ಅಂಗಡಿ ಎಂದಿಗೂ ಅರಿಯದು. ಕೊನೆಯ ಪ್ರತಿ ತೆಗೆಯುವ ಮುನ್ನ ಹಳೆಯ ಬಾಗಿಲಿಗೆ 'ಸ್ವಲ್ಪ ಹೊತ್ತು ಬಿಡುವು' ಎಂಬ ಫಲಕ ತೂಗುಹಾಕುವುದು ಇದಕ್ಕಾಗಿಯೇ. ನಮ್ಮ ವ್ಯಾಪಾರಿಗಳು ಮೂರು ದಿನವೂ ಫಲಕ ಹಾಕಿರಲಿಲ್ಲ. ಕರಾರು ಮುಗಿಯುವ ಹಿಂದಿನ ಸಂಜೆ ಎರಡೂ ಡೇಟಾಬೇಸುಗಳ ಬೇಡಿಕೆಗಳನ್ನು ಒಂದೊಂದಾಗಿ ಹೋಲಿಸಿ ನೋಡಿದಾಗ ಹಳೆಯದರಲ್ಲಿ ಮಾತ್ರ ಏಳು ಹೆಚ್ಚಾಗಿ ಸಿಕ್ಕವು. ಅವುಗಳಲ್ಲೊಂದು ಮುಧೋಳದ ಮದುವೆ ಮನೆಯದು, ಹನ್ನೆರಡು ಸೀರೆಗಳು, ಹಣ ಮುಂಗಡವಾಗಿಯೇ ಸಂದಿತ್ತು. ಏಳನ್ನೂ ಕೈಯಿಂದಲೇ ಹೊಸ ಸರ್ವರಿಗೆ ಬರೆದುಕೊಂಡರು. ಮರುದಿನ ಮಧ್ಯಾಹ್ನದ ಬಸ್ಸಿಗೆ ಮುಧೋಳದ ಗಂಟು ಏರಿತು.