ಹಳೆಯ ಬಟ್ಟೆ, ನೋಟುಪುಸ್ತಕ ಮತ್ತು ನಮ್ಮ ಸಂಘಗಳು

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಮುಂಬಯಿ ಮಹಾನಗರದ ನಮ್ಮ ಕನ್ನಡ ಸಂಘ-ಸಂಸ್ಥೆಗಳಲ್ಲಿ ವರ್ಷಂಪ್ರತಿ ಒಂದು ಸಂಭ್ರಮವು ಜರಗುತ್ತದೆ. ಬಡ ವಿದ್ಯಾರ್ಥಿಗಳಿಗೆ ಉಚಿತವಾಗಿ ನೋಟುಪುಸ್ತಕಗಳನ್ನು ಹಂಚುವ ಸಂಭ್ರಮವದು. ಜಾತಿಯ ಸಂಘವಿರಲಿ, ಊರಿನ ಸಂಘವಿರಲಿ, ಹೋಟೆಲು ಕಾರ್ಮಿಕರೇ ಕೂಡಿ ಕಟ್ಟಿಕೊಂಡ ಮಂಡಳಿಯಿರಲಿ, ಈ ಒಂದು ಕಾರ್ಯವನ್ನು ಬಿಡುವುದಿಲ್ಲ. ಇದಕ್ಕೆ ವಂತಿಗೆ ಕೊಡುವವರು ಗಲ್ಲೆಯ ಮೇಲೆ ಕುಳಿತ ಧಣಿಗಳು ಮಾತ್ರವಲ್ಲ. ತಿಂಗಳ ಸಂಬಳದಲ್ಲಿ ಊರಿಗೆ ಕಳುಹಿಸಿ ಉಳಿದುದರಲ್ಲಿ ಐವತ್ತೋ ನೂರೋ ತೆಗೆದಿಡುವ ಮಾಣಿಗಳೂ ಗುಮಾಸ್ತರೂ ಅವರಲ್ಲಿದ್ದಾರೆಂಬುದನ್ನು ನಾವು ಬಲ್ಲೆವು. ಅವರ ಔದಾರ್ಯವನ್ನು ಕುಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆ ಐವತ್ತು ರೂಪಾಯಿಯು ವಸ್ತುವಾಗಿ ಪರಿಣಮಿಸಿ ಮಗುವಿನ ಕೈಸೇರುವಾಗ ಅದರಿಂದ ಮಗುವಿಗೆ ನಿಜಕ್ಕೂ ಏನಾಯಿತು ಎಂದು ಕೇಳುವ ಹಕ್ಕು ಅದನ್ನು ಕೊಟ್ಟವನಿಗೆ ಇದೆ ಎಂದು ನಾವು ತಿಳಿದಿದ್ದೇವೆ.

ಕೆಲವು ವರ್ಷಗಳ ಹಿಂದೆ ಇಂಥ ಒಂದು ಸಮಾರಂಭಕ್ಕೆ ನಮಗೂ ಆಮಂತ್ರಣವಿತ್ತು. ಸಂಘದ ಹೆಸರು ಇಲ್ಲಿ ಬೇಡ. ಮಹಾನಗರಪಾಲಿಕೆಯ ಶಾಲೆಯೊಂದರ ಕನ್ನಡ ಮಕ್ಕಳನ್ನು ಮಧ್ಯಾಹ್ನ ಎರಡು ಗಂಟೆಗೇ ಕರೆತಂದು ಸಭಾಗೃಹದ ಎಡಪಾರ್ಶ್ವದಲ್ಲಿ ಸಾಲಾಗಿ ಕುಳ್ಳಿರಿಸಲಾಗಿತ್ತು. ಪ್ರಾರ್ಥನೆ, ಸ್ವಾಗತ, ಹಾರಾರ್ಪಣೆ, ಮೂವರು ಗಣ್ಯರ ಭಾಷಣ (ಅವುಗಳಲ್ಲಿ ಒಂದು ನಮ್ಮದೇ ಎಂಬುದನ್ನೂ ಒಪ್ಪಿಕೊಳ್ಳತಕ್ಕದ್ದು) ಎಲ್ಲವೂ ಮುಗಿದು ಪುಸ್ತಕದ ಕಟ್ಟುಗಳು ಹೊರಬರುವಾಗ ಗಂಟೆ ಐದಾಗಿತ್ತು. ಒಬ್ಬೊಬ್ಬರ ಹೆಸರನ್ನು ಕರೆದು, ವೇದಿಕೆಗೆ ಹತ್ತಿಸಿ, ಕಟ್ಟನ್ನು ಕೈಗಿತ್ತು, ಛಾಯಾಗ್ರಾಹಕನ ಕಡೆಗೆ ಮುಖ ತಿರುಗಿಸಿ ನಿಲ್ಲಿಸಲಾಯಿತು. ಹದಿಮೂರು-ಹದಿನಾಲ್ಕರ ಹುಡುಗಿಯೊಬ್ಬಳು ಕಟ್ಟನ್ನು ಮುಖಕ್ಕೆ ಅಡ್ಡವಾಗಿ ಹಿಡಿದಳು. 'ಕೆಳಗೆ, ಕೆಳಗೆ' ಎಂದ ಛಾಯಾಗ್ರಾಹಕ. ಅವಳು ಕೆಳಗಿಳಿಸಿದಳು. ಆ ಮುಖವನ್ನು ವರ್ಣಿಸುವ ಇಚ್ಛೆ ನಮಗಿಲ್ಲ.

ನಮ್ಮ ಪಕ್ಕದಲ್ಲಿ ಆ ಶಾಲೆಯ ಶಿಕ್ಷಕಿಯೊಬ್ಬರು ಕುಳಿತಿದ್ದರು. ಮಕ್ಕಳಿಗೆ ಪುಸ್ತಕ ಸಿಕ್ಕಿದ್ದು ಸಂತೋಷವೇ ಸರಿ ಎಂದು ಮರ್ಯಾದೆಗಾಗಿ ಹೇಳಿ, ಬಳಿಕ ಮೆಲ್ಲನೆ ಇನ್ನೊಂದು ಮಾತು ಸೇರಿಸಿದರು: ಈ ಮಕ್ಕಳಲ್ಲಿ ಮೂವರಿಗೆ ಹಲಗೆಯ ಮೇಲಿನ ಅಕ್ಷರ ಸರಿಯಾಗಿ ಕಾಣುವುದಿಲ್ಲ, ಕನ್ನಡಕ ಕೊಡಿಸುವವರು ಯಾರೂ ಇಲ್ಲ. ಮುಂಬಯಿ ಮಹಾನಗರಪಾಲಿಕೆಯು ತನ್ನ ಶಾಲೆಗಳ ಮಕ್ಕಳಿಗೆ 27 ಬಗೆಯ ವಸ್ತುಗಳನ್ನು ಉಚಿತವಾಗಿ ಕೊಡುವ ಯೋಜನೆಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಸಮವಸ್ತ್ರ, ಬೂಟು, ಚೀಲಗಳೊಡನೆ ನೋಟುಪುಸ್ತಕಗಳೂ ಅದರಲ್ಲಿ ಸೇರಿವೆ. ಅಂದ ಮೇಲೆ ಆ ದಿನ ನಾವು ಮೂರು ಗಂಟೆ ಕಾಯಿಸಿ ಕೊಟ್ಟುದು ಅವರಲ್ಲಿ ಮೊದಲೇ ಇದ್ದ ವಸ್ತುವನ್ನು. ಇಲ್ಲದ ಕನ್ನಡಕದ ವಿಷಯವನ್ನು ಯಾರೂ ಕೇಳಿರಲಿಲ್ಲ.

ದಾನದ ವಸ್ತುವಿನಿಂದ ಪ್ರಯೋಜನವಿಲ್ಲವೆಂದು ಹೇಳುವ ಬುದ್ಧಿವಂತರ ಗುಂಪಿಗೆ ನಾವು ಸೇರಿದವರಲ್ಲ. 2005ರ ಜುಲಾಯಿ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆ ಸುರಿದು, ರೈಲು ನಿಂತು, ಸಹಸ್ರಾರು ಗುಮಾಸ್ತರು ಕೋಟೆಯ ಕಚೇರಿಗಳಿಂದ ಉಪನಗರಗಳವರೆಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋದ ರಾತ್ರಿಯನ್ನು ಮರೆತವರುಂಟೆ? ದಾರಿಯ ಇಕ್ಕೆಲಗಳ ಗುಡಿಸಲುಗಳವರು ಗುರುತಿಲ್ಲದವರ ಕೈಗೆ ಚಹಾ, ಬಿಸ್ಕತ್ತು, ನೀರು ಕೊಟ್ಟರು. ಬೇಕಾದವನಿಗೆ ಬೇಕಾದ ಕ್ಷಣದಲ್ಲಿ ಬೇಕಾದುದನ್ನೇ ಕೊಟ್ಟರು. ಬಡವರು ನಮ್ಮಂಥವರಿಗೆ ಕೊಟ್ಟ ದಾನವದು ಎಂಬುದೂ ನೆನಪಿರಲಿ.

ಇದಕ್ಕೆ ತದ್ವಿರುದ್ಧವಾದ ದೃಶ್ಯವು ಅದಕ್ಕಿಂತ ಏಳು ತಿಂಗಳು ಮುಂಚೆ ತಮಿಳುನಾಡಿನ ಕರಾವಳಿಯಲ್ಲಿ ಕಂಡುಬಂದಿತ್ತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಾಗಪಟ್ಟಿಣದ ಬೆಸ್ತರ ಕೇರಿಗಳು ಕೊಚ್ಚಿಹೋದವು. ದೇಶದ ನಾನಾ ಮೂಲೆಗಳಿಂದ ಲಾರಿಗಟ್ಟಲೆ ಹಳೆಯ ಬಟ್ಟೆಗಳು ಅಲ್ಲಿಗೆ ಬಂದು ಬಿದ್ದವು. ಹರಿದವು, ತೊಳೆಯದವು, ಅಲ್ಲಿಯ ಸೆಕೆಗೆ ಒಗ್ಗದವು, ಅಲ್ಲಿಯ ಹೆಂಗಸರು ಎಂದೂ ಉಡದ ತರದವು. ಮನೆಯನ್ನೂ ಮಕ್ಕಳನ್ನೂ ಕಳೆದುಕೊಂಡಿದ್ದ ಆ ಜನರು, ಸಮುದ್ರವನ್ನು ನಂಬಿ ಸ್ವಂತ ದುಡಿಮೆಯಿಂದ ಬದುಕಿದ್ದವರು, ಆ ಬಟ್ಟೆಗಳನ್ನು ಮುಟ್ಟಲಿಲ್ಲ. ಅವು ಹೆದ್ದಾರಿಯ ಬದಿಯಲ್ಲಿ ರಾಶಿರಾಶಿಯಾಗಿ ಕೊಳೆತವು. ಕಳುಹಿಸಿದವರು ಮಾತ್ರ ತಮ್ಮ ತಮ್ಮ ಊರುಗಳಲ್ಲಿ ಕಪಾಟು ಖಾಲಿಯಾದ ನೆಮ್ಮದಿಯೊಡನೆ ಪುಣ್ಯ ಬಂದ ನೆಮ್ಮದಿಯನ್ನೂ ಅನುಭವಿಸುತ್ತಿದ್ದಿರಬೇಕು.

ಆ ರಾಶಿಯಲ್ಲಿ ಉಳಿದ ಲಕ್ಷಗಟ್ಟಲೆ ಬಟ್ಟೆಗಳನ್ನು ಎತ್ತಿಕೊಂಡು ಬೇರ್ಪಡಿಸಿ ಉಪಯೋಗಕ್ಕೆ ತಂದವರು ದಿಲ್ಲಿಯ 'ಗೂಂಜ್' ಎಂಬ ಸಂಸ್ಥೆಯವರು. ಅಂಶು ಗುಪ್ತಾ ಎಂಬವರು 1999ರಲ್ಲಿ ತಮ್ಮ ಮನೆಯ ಕಪಾಟಿನಿಂದ ತೆಗೆದ 67 ಬಟ್ಟೆಗಳಿಂದ ಆರಂಭಿಸಿದ ಕಾರ್ಯವದು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದಿತು. ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಗುಪ್ತಾ ಅವರು 1991ರ ಉತ್ತರಕಾಶಿ ಭೂಕಂಪದ ಸಂತ್ರಸ್ತರ ನಡುವೆ ಓಡಾಡಿದವರು. ದಿಲ್ಲಿಯಲ್ಲಿ ವಾರಸುದಾರರಿಲ್ಲದ ಹೆಣಗಳನ್ನು ಸಾಗಿಸುವ ಒಬ್ಬ ಬಡವನೊಡನೆ ಅಲೆದು, ಚಳಿಗಾಲ ಬಂತೆಂದರೆ ಅವನಿಗೆ ಕೆಲಸ ಹೆಚ್ಚುವುದನ್ನು ಕಣ್ಣಾರೆ ಕಂಡವರು. ಭೂಕಂಪವನ್ನು ಎಲ್ಲರೂ ವಿಪತ್ತೆನ್ನುತ್ತಾರೆ. ಮೈಮೇಲೆ ಬಟ್ಟೆಯಿಲ್ಲದವನ ಪಾಲಿಗೆ ಪ್ರತಿ ವರ್ಷದ ಚಳಿಯೂ ವಿಪತ್ತೇ ಎಂಬುದು ಅವರಿಗೆ ಅಲ್ಲಿ ಹೊಳೆಯಿತು.

ಈ ಸಂಸ್ಥೆಯ ಕ್ರಮದಲ್ಲಿ ನಮಗೆ ಮೆಚ್ಚುಗೆಯಾದುದು ಒಂದಿದೆ. ಹಳ್ಳಿಯವರು ಮೊದಲು ತಮ್ಮ ಊರಿಗೆ ಏನಾಗಬೇಕೆಂದು ತಾವೇ ನಿರ್ಧರಿಸುತ್ತಾರೆ: ಹೂಳು ತುಂಬಿದ ಕೆರೆ, ಬಾವಿ, ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ದಾಟಲಾರದ ತೋಡಿಗೊಂದು ಬಿದಿರಿನ ಸಂಕ. ಎಲ್ಲರೂ ಕೂಡಿ ಆ ಕೆಲಸವನ್ನು ಮಾಡುತ್ತಾರೆ. ಕೆಲಸ ಮುಗಿದ ಬಳಿಕ ಮನೆಮಂದಿಯ ಅಳತೆಗೆ ಒಪ್ಪುವ ಬಟ್ಟೆಬರೆಗಳ ಗಂಟನ್ನು ದುಡಿಮೆಯ ಪ್ರತಿಫಲವಾಗಿ ಪಡೆಯುತ್ತಾರೆ. ಬಟ್ಟೆ ಅದೇ, ನಗರದವರು ಬಿಟ್ಟುಕೊಟ್ಟುದೇ. ಆದರೆ ಪಡೆದವನು ಭಿಕ್ಷುಕನಾಗುವುದಿಲ್ಲ. ಊರಿಗೆ ಸಂಕವೂ ಉಳಿಯುತ್ತದೆ. ಕೂಲಿಯನ್ನು ನಗದಾಗಿಯೇ ಕೊಡಬೇಕು, ಹಳೆಯ ಬಟ್ಟೆಯನ್ನು ಕೂಲಿಯೆನ್ನುವುದು ಸರಿಯೆ ಎಂದು ಆಕ್ಷೇಪಿಸುವವರಿದ್ದಾರೆ. ಸರಕಾರವಾಗಲಿ ಗುತ್ತಿಗೆದಾರನಾಗಲಿ ಹಾಗೆ ಮಾಡಿದ್ದರೆ ನಾವೂ ಆಕ್ಷೇಪಿಸುತ್ತಿದ್ದೆವು. ತಮ್ಮ ಊರಿನ ಕೆಲಸವನ್ನು ತಾವೇ ಆರಿಸಿಕೊಂಡು ಮಾಡುವಲ್ಲಿ ಆ ಮಾತು ಅನ್ವಯಿಸದು.

ಇನ್ನು, ದೈನಿಕದ ಪುಟದಲ್ಲಿ ಬರೆಯಲು ಹಿರಿಯರು ಸಂಕೋಚಪಡುತ್ತಿದ್ದ ವಿಷಯವೊಂದನ್ನು ಬರೆಯದೆ ವಿಧಿಯಿಲ್ಲ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮುಟ್ಟಿನ ದಿನಗಳಲ್ಲಿ ಬಟ್ಟೆಯನ್ನು ಬಳಸುತ್ತಾರೆ. ಬಟ್ಟೆ ಕೆಟ್ಟದ್ದೇನಲ್ಲ. ಮಾಸಿದ, ಬಿಸಿಲಿಗೆ ಹಾಕಿ ಒಣಗಿಸಲಾಗದ, ಕದ್ದುಮುಚ್ಚಿ ಇಟ್ಟ ಬಟ್ಟೆಯಿಂದ ರೋಗ ಬರುತ್ತದೆ. ಅದೂ ಇಲ್ಲದ ಹುಡುಗಿ ಆ ದಿನಗಳಲ್ಲಿ ಶಾಲೆಗೆ ಹೋಗುವುದನ್ನು ಬಿಡುತ್ತಾಳೆ. ಗೂಂಜ್ ಸಂಸ್ಥೆಯವರು ಹಳೆಯ ಹತ್ತಿಯ ಹಾಸುಹೊದಿಕೆಗಳನ್ನು ಒಗೆದು, ಒಣಗಿಸಿ, ಕತ್ತರಿಸಿ, ಇದಕ್ಕಾಗಿಯೇ ಪಟ್ಟಿಗಳನ್ನು ತಯಾರಿಸುತ್ತಾರೆ. ವಸತಿಗೃಹಗಳಲ್ಲಿ ದುಡಿಯುವ ನಮ್ಮ ಸಹೋದರರು ಇದನ್ನು ಗಮನಿಸತಕ್ಕದ್ದು. ಅಂಚು ಹರಿದುದಕ್ಕೆ, ಕಲೆ ಬಿದ್ದುದಕ್ಕೆ ಎಷ್ಟು ಹತ್ತಿಯ ಚಾದರಗಳು ನೆಲ ಒರೆಸುವ ಅರಿವೆಗಳಾಗಿ ಹೋಗುತ್ತವೆ! ಧಣಿಗಳನ್ನು ಕೇಳಿ, ತಿಂಗಳಿಗೊಮ್ಮೆ ಅವನ್ನು ಒಗೆಸಿ ಗಂಟು ಕಟ್ಟಿಟ್ಟರೆ ಯಾರದೋ ಮನೆಯ ಹುಡುಗಿಯ ಶಾಲೆ ತಪ್ಪದು.

ಗುಮಾಸ್ತ ಬಂಧುಗಳ ಬಳಿಯೂ ಇಂಥ ಸಂಪತ್ತಿದೆ. ಕಚೇರಿಗಳಲ್ಲಿ ಒಂದೇ ಮಗ್ಗುಲಲ್ಲಿ ಅಚ್ಚಾಗಿ ಕಸದ ಬುಟ್ಟಿಗೆ ಬೀಳುವ ಕಾಗದವನ್ನು ಬೆನ್ನುಹಾಕಿ ಹೊಲಿದರೆ ಲೆಕ್ಕ ಬಿಡಿಸುವ ಪುಸ್ತಕವಾಗುತ್ತದೆ. ಗುಟ್ಟಿನ ಕಾಗದಗಳನ್ನು ಬೇರ್ಪಡಿಸಬೇಕು, ಮೇಲಧಿಕಾರಿಯ ಒಪ್ಪಿಗೆ ಪಡೆಯಬೇಕು. ಅಷ್ಟನ್ನು ಗುಮಾಸ್ತನಿಗೆ ಹೇಳಿಕೊಡಬೇಕಾಗಿಲ್ಲ.

ಅನ್ನದ ಮಾತು ಬಂದರೆ ಹೋಟೆಲಿನವರೇ ನಮಗಿಂತ ಹೆಚ್ಚು ಬಲ್ಲವರು. ರಾತ್ರಿ ಉಳಿದ ಇಡ್ಲಿ, ಅನ್ನ, ಸಾಂಬಾರುಗಳನ್ನು ಹತ್ತಿರದ ಕೇರಿಯ ಮಕ್ಕಳಿಗೆ ಕೊಡುವ ಸತ್ಸಂಪ್ರದಾಯವು ಹಲವೆಡೆ ಇದೆ. ಉಳಿದ ಆಹಾರವನ್ನು ಹಂಚುವ ಬಗ್ಗೆ 2019ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ನಿಯಮಗಳನ್ನು ಮಾಡಿದೆ. ಉಚಿತವೆಂಬ ಕಾರಣಕ್ಕೆ ಹಳಸಿದುದನ್ನು ಕೊಡಲು ಅವಕಾಶವಿಲ್ಲ. ನಿಯಮವನ್ನು ಓದದ ಭಟ್ಟನಿಗೂ ಕಾಯಿಚಟ್ನಿ ಎಲ್ಲಕ್ಕಿಂತ ಮೊದಲು ಕೆಡುತ್ತದೆಂಬುದು ಗೊತ್ತು. ಗಿರಾಕಿಯ ಎಲೆಗೆ ಬಡಿಸಲು ನಾಚುವುದನ್ನು ಕೇರಿಯ ಮಗುವಿಗೆ ಬಡಿಸತಕ್ಕದ್ದಲ್ಲ.

ನಮ್ಮವರಲ್ಲಿ ಅನೇಕರು ಪಡೆದವರೇ ಎಂಬುದನ್ನು ಇಲ್ಲಿ ಜ್ಞಾಪಿಸಬೇಕಾಗಿದೆ. ಹಗಲೆಲ್ಲ ಕಪ್ಪು-ಬಸಿ ತೊಳೆದು ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ಹುಡುಗರು ಈ ನಗರದಲ್ಲಿ ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಧಣಿಗಳೂ ಆದರು. ಅವರು ಓದಿದ ಪಠ್ಯಪುಸ್ತಕವು ಹಿಂದಿನ ವರ್ಷ ಅದೇ ತರಗತಿಯಲ್ಲಿ ಓದಿದವನದು. ಮೊದಲ ಪುಟದಲ್ಲಿ ಒಂದರ ಕೆಳಗೊಂದು ನಾಲ್ಕಾರು ಹೆಸರುಗಳು ಇರುತ್ತಿದ್ದವು. ಕೊನೆಯಲ್ಲಿ ತನ್ನ ಹೆಸರನ್ನು ಬರೆದುಕೊಳ್ಳುವಾಗ ಹುಡುಗನಿಗೆ ಯಾವ ನಾಚಿಕೆಯೂ ಇರಲಿಲ್ಲ. ಮಾಸ್ತರರು ಮೇಜಿನ ಮೇಲಿಟ್ಟು 'ತೆಗೆದುಕೊಳ್ಳಿ' ಎನ್ನುತ್ತಿದ್ದರು, ಅಷ್ಟೇ. ಇಂದು ಅದೇ ಹುಡುಗರು ದೊಡ್ಡವರಾಗಿ ಕಟ್ಟಿದ ಸಂಘಗಳಲ್ಲಿ ಪುಸ್ತಕದ ರಕ್ಷಾಪುಟದ ಮೇಲೆ ದಾನಿಯ ಭಾವಚಿತ್ರ ಅಚ್ಚಾಗಿರುತ್ತದೆ. ಮಗುವು ಒಂದು ವರ್ಷ ಆ ಮುಖವನ್ನು ಚೀಲದಲ್ಲಿ ಹೊತ್ತು ತಿರುಗಬೇಕು.

ಆದುದರಿಂದ ಸಂಘಗಳ ಕಾರ್ಯದರ್ಶಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಬರುವ ವರ್ಷ ಸಭಾಗೃಹವನ್ನು ಗೊತ್ತುಮಾಡುವ ಮೊದಲು ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಮಕ್ಕಳಿಗೆ ಸರಕಾರದಿಂದಾಗಲಿ ಪಾಲಿಕೆಯಿಂದಾಗಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಪಟ್ಟಿ ಪಡೆಯಿರಿ. ಕನ್ನಡಕವೋ, ಹತ್ತನೆಯ ತರಗತಿಯವರಿಗೆ ಅಭ್ಯಾಸದ ಪುಸ್ತಕವೋ, ಇಕ್ಕಟ್ಟಿನ ಖೋಲಿಯಲ್ಲಿ ಓದುವವನಿಗೆ ಮೇಜುದೀಪವೋ, ಪಟ್ಟಿಯಲ್ಲಿದ್ದುದನ್ನೇ ಕೊಂಡು ಮಾಸ್ತರರ ಕೈಗೆ ಒಪ್ಪಿಸಿರಿ. ತರಗತಿಯಲ್ಲಿ ಅವರೇ ಹಂಚಲಿ. ಸಭಾಗೃಹದ ಬಾಡಿಗೆ, ಹಾರ, ಫೋಟೋಗಳ ಖರ್ಚು ಉಳಿದರೆ ಮೂರು ಕನ್ನಡಕಗಳಿಗೆ ಧಾರಾಳವಾಗಿ ಸಾಲುತ್ತದೆ. ವಂತಿಗೆ ಕೊಟ್ಟವರಿಗೆ ಲೆಕ್ಕಪತ್ರವನ್ನು ತೋರಿಸಿದರಾಯಿತು, ಮಕ್ಕಳನ್ನು ತೋರಿಸಬೇಕಾಗಿಲ್ಲ.

ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಹಳೆಯ ಅಂಗಿಗಳನ್ನು ತುಂಬಿಕೊಂಡು ಹೋಗುವ ಸಹೋದರರಿಗೂ ಒಂದು ಮಾತು. ಒಗೆದು, ಗುಂಡಿ ಹೊಲಿದು, ಇಸ್ತ್ರಿ ಮಾಡಿ ಒಯ್ಯಿರಿ. ಕೊಡುವ ಮೊದಲು ಯಾರಿಗೆ ಯಾವ ಅಳತೆ ಬೇಕೆಂದು ಮನೆಗೆ ಫೋನು ಮಾಡಿ ಕೇಳಿರಿ. ಊರಿನ ಶಾಲೆಯ ಮಕ್ಕಳಿಗಾದರೆ ಅಂಗಿಗಿಂತ ಛತ್ರಿಯೇ ಹೆಚ್ಚು ಬೇಕಾಗಿರುತ್ತದೆ, ನಮ್ಮ ಕಡೆಯ ಮಳೆ ಅಂಥದು. ಅದು ಮಾತ್ರ ಹೊಸದೇ ಆಗಬೇಕು.